ತಿರುಗದ ಆಂಟೆನಾ

ಕರೆಂಟಿನ ಪ್ಯಾನೆಲ್ಲಿನ ಬಾಗಿಲಿಗೆ ಹೋಗುವ ತಂತಿಗಳಿಗೆ ಕೀಲಿನ ಹತ್ತಿರ ಒಂದಿಷ್ಟು ಸಡಿಲ ಬಿಡಬೇಕು, ಇಲ್ಲದಿದ್ದರೆ ಬಾಗಿಲು ತೆಗೆದ ದಿನವೇ ತಂತಿ ಕಿತ್ತು ಕೈಗೆ ಬರುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟು ಬಾಗಿಲುಗಳಿಗೆ ತಂತಿ ಎಳೆದಿದ್ದಾನೋ ಅಷ್ಟಕ್ಕೂ ಅವನ ಕೈ ತನ್ನ ಪಾಡಿಗೆ ತಾನು ಆ ಸಡಿಲವನ್ನು ಬಿಟ್ಟಿತ್ತು, ಇವತ್ತೂ ಬಿಟ್ಟಿತು. ಬಿಟ್ಟ ಮೇಲೆ ಅವನು ಅದನ್ನೇ ನೋಡುತ್ತ ನಿಂತ. ಬಾಗಿಲನ್ನು ಒಮ್ಮೆ ತೆಗೆದ, ಒಮ್ಮೆ ಮುಚ್ಚಿದ. ತಂತಿಗಳ ಕಟ್ಟು ಬಾಗಿಲಿನ ಜೊತೆ ಹೊರಗೆ ಬಂತು, ಬಾಗಿಲಿನ ಜೊತೆ ಒಳಗೆ ಹೋಯಿತು, ಯಾವ ತಕರಾರೂ ಇಲ್ಲ. ಇಲ್ಲಿ ಗೊತ್ತಿರುವ ಕೈಗೆ ಅಲ್ಲಿ, ಮನೆಯ ತಾರಸಿಯ ಮೇಲೆ, ಕಂಬದ ತುದಿಯಲ್ಲಿ ಯಾಕೆ ಗೊತ್ತಾಗಲಿಲ್ಲ? ಗೊತ್ತಾಗಲಿಲ್ಲವೋ, ಗೊತ್ತಾಗಲಿಲ್ಲ ಅಂತ ತಾನೇ ಹೇಳಿಕೊಳ್ಳುತ್ತಿದ್ದಾನೋ? ಭಾನುವಾರದಿಂದ ಈ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಕಾರ್ಖಾನೆಯಲ್ಲಿ ಅವನನ್ನು ಇಸ್ತ್ರಿ ಅಂತ ಕರೆಯುತ್ತಿದ್ದರು. ಅವನು ಕಟ್ಟಿದ ತಂತಿಗಳಲ್ಲಿ ಒಂದು ಸುಕ್ಕಿಲ್ಲ, ಒಂದು ವಾರೆ ಇಲ್ಲ, ಗೇಣಿಗೊಂದು ಪ್ಲಾಸ್ಟಿಕ್ ಕಟ್ಟು, ಕಟ್ಟಿನ ಬಾಲ ಕತ್ತರಿಸಿದ ಜಾಗ ಕೂಡ ಕೈಗೆ ತರಚುವುದಿಲ್ಲ. ತಪಾಸಣೆಗೆ ಬಂದ ಹೊರಗಿನವರು ಅವನ ಪ್ಯಾನೆಲ್ಲಿನ ಮುಂದೆ ನಿಂತು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆಗೆಲ್ಲ ಅವನು ಏನೂ ಆಗದವನ ಹಾಗೆ ಬಗ್ಗಿ ಸ್ಕ್ರೂಡ್ರೈವರ್ ಹುಡುಕುತ್ತಾನೆ, ಕಿವಿ ಮಾತ್ರ ಅತ್ತ ಕಡೆಗೇ ಇರುತ್ತದೆ. ಹೊಗಳಿಕೆ ಅಂದರೆ ಅವನಿಗೆ ಆಸೆ, ಆ ಆಸೆ ಇದೆ ಅನ್ನುವುದಕ್ಕೆ ನಾಚಿಕೆ. ಮದುವೆಯಾದ ಹೊಸದರಲ್ಲಿ ಅಂಥ ಒಂದು ಫೋಟೊವನ್ನು ಮಾವನಿಗೆ ತೋರಿಸಿದ್ದ. ಯಾಕಾದರೂ ತೋರಿಸಿದೆನೋ ಅಂತ ಇವತ್ತಿಗೂ ಅನ್ನಿಸುತ್ತದೆ. ಮಾವ ಕನ್ನಡಕ ಹಣೆಗೆ ಏರಿಸಿ, ಫೋಟೊವನ್ನು ಹತ್ತಿರ ಹಿಡಿದು, ದೂರ ಹಿಡಿದು, ‘ಅಂದವಾಗಿದೆ’ ಅಂದಿದ್ದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ‘ಅಲ್ಲಾಡದೇ ಇರೋದನ್ನ ಕಟ್ಟೋದು ಸುಲಭ ಬಿಡಿ, ಅಳಿಯಂದಿರೇ’ ಅಂತಲೂ ಸೇರಿಸಿದರು. ಸುತ್ತ ಕೂತಿದ್ದ ನೆಂಟರು ನಕ್ಕರು. ಅವನೂ ನಕ್ಕ. ಆ ನಗು ಮುಖದ ಮೇಲೆ ಎಷ್ಟು ಹೊತ್ತು ಹಾಗೇ ಉಳಿದಿತ್ತು ಅನ್ನುವುದು ಕೆನ್ನೆಗೆ ಇನ್ನೂ ನೆನಪಿದೆ.

‘ಏನಯ್ಯಾ ಇಸ್ತ್ರಿ, ಬಾಗಿಲು ತೆಗೆಯೋದು ಮುಚ್ಚೋದು, ಮಾವನ ಮನೆಗೆ ಬಂದೋನ ಹಾಗೆ ಮಾಡ್ತಿದ್ದೀಯಲ್ಲ’ ಅಂದ ಪಕ್ಕದ ಮೇಜಿನವನು. ಬೇಕಂತ ಅಂದದ್ದಲ್ಲ, ಅವನ ಬಾಯಿಯೇ ಹಾಗೆ. ಆದರೆ ಇವನು ಮನೆ ಅಳಿಯ ಅಂತ ಕಾರ್ಖಾನೆಗೆಲ್ಲ ಗೊತ್ತಿತ್ತು. ಮಾವನಿಗೆ ಲಕ್ವ ಹೊಡೆದ ಮೇಲೆ ಬಾಡಿಗೆ ಮನೆ ಬಿಟ್ಟು ಹೆಂಡತಿಯ ತವರಿಗೆ ಗಂಟುಮೂಟೆ ಕಟ್ಟಿಕೊಂಡು ಬಂದದ್ದು ಕರ್ತವ್ಯಕ್ಕೆ ಅಂತ ಅವನು ಎಷ್ಟು ಸಲ ಹೇಳಿದರೂ ಕೇಳುವವರ ಕಣ್ಣಲ್ಲಿ ಒಂದು ತುಂಟ ಹೊಳಪು ಇದ್ದೇ ಇರುತ್ತಿತ್ತು.

ಮಾವ ಹಡಗುಗಳಲ್ಲಿ ರೇಡಿಯೋ ಆಪರೇಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೂ ಅದರ ಹುಚ್ಚು ಬಿಡಲಿಲ್ಲ. ಮನೆಯ ತಾರಸಿಯ ಮೇಲೆ ಮೂರು ಕಾಲಿನ ಕಬ್ಬಿಣದ ಗೋಪುರ ನಿಲ್ಲಿಸಿದರು. ಅದರ ತಲೆಯಲ್ಲೊಂದು ಮೋಟರು, ಮೋಟರಿನ ಮೇಲೆ ತಿರುಗುವ ಕೊಳವೆ ಕಂಬ, ಕಂಬದ ತುದಿಗೆ ಅಡ್ಡಡ್ಡ ಕಡ್ಡಿಗಳಿರುವ ಆಂಟೆನಾ. ಕೆಳಗೆ ಕೋಣೆಯಲ್ಲಿ ಒಂದು ಡಬ್ಬಿಯ ಗುಂಡಿ ತಿರುಗಿಸಿದರೆ ಮೇಲೆ ಆಂಟೆನಾ ಗೊರಗೊರ ಅಂತ ತಿರುಗಿ ಬೇಕಾದ ದಿಕ್ಕಿಗೆ ಮುಖ ಮಾಡುತ್ತದೆ. ಆಂಟೆನಾದಿಂದ ಕಿರುಬೆರಳಿನಷ್ಟು ದಪ್ಪದ ಕಪ್ಪು ಕೇಬಲ್ ಇಳಿದು ಬರುತ್ತದೆ. ಮೇಲಿನ ಕಂಬ ತಿರುಗುತ್ತದೆ, ಕೆಳಗಿನ ಗೋಪುರ ನಿಂತೇ ಇರುತ್ತದೆ. ಎರಡರ ನಡುವೆ ಕೇಬಲ್ಲಿಗೆ ಒಂದು ದಾರಿ ಮಾಡಿಕೊಡಬೇಕು. ಮಾವ ಅಲ್ಲಿ ಕೇಬಲ್ಲನ್ನು ಕಂಬದ ಸುತ್ತ ಎರಡು ಸುತ್ತು ಅಗಲವಾಗಿ ಬಳಸಿ, ಜೋತುಬೀಳುವ ಹಾಗೆ ಬಿಟ್ಟಿದ್ದರು. ಗೋಪುರದ ತಗಡಿನ ಅಂಚಿಗೆ ಉಜ್ಜದಿರಲಿ ಅಂತ ಆ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದರು. ಆಂಟೆನಾ ಒಂದು ಕಡೆ ತಿರುಗಿದರೆ ಆ ಸುತ್ತು ಬಿಗಿಯಾಗುತ್ತಿತ್ತು, ಇನ್ನೊಂದು ಕಡೆ ತಿರುಗಿದರೆ ಬೊಜ್ಜು ಬಂದವರ ಹೊಟ್ಟೆಯ ಹಾಗೆ ಇಳಿಬೀಳುತ್ತಿತ್ತು. ಬೀದಿಯ ತಿರುವಿನಿಂದಲೇ ಅದು ಕಾಣುತ್ತಿತ್ತು. ನೋಡಿದಾಗಲೆಲ್ಲ ಅವನಿಗೆ ಮೈಯೆಲ್ಲ ಇರುಸುಮುರುಸು. ಅಂಗಿ ಪ್ಯಾಂಟಿನೊಳಗೆ ಸೇರಿಸದೆ ಮದುವೆಗೆ ಬಂದವರನ್ನು ನೋಡಿದ ಹಾಗೆ.

ಲಕ್ವ ಮಾವನ ಬಲಭಾಗವನ್ನೂ ನಾಲಿಗೆಯನ್ನೂ ತೆಗೆದುಕೊಂಡು ಹೋಯಿತು. ಬುದ್ಧಿ ನೆಟ್ಟಗಿದೆ, ಮಾತು ಮಾತ್ರ ಬರಲ್ಲ ಅಂದರು ಡಾಕ್ಟರು. ಬರೆಯಲಿ ಅಂತ ಸ್ಲೇಟು ತಂದುಕೊಟ್ಟರೆ ಮಾವ ಅದನ್ನು ಗೋಡೆಗೆ ಎಸೆದರು. ಅಷ್ಟು ವರ್ಷ ಎದುರಿಗಿದ್ದವರ ಮೇಲೆಲ್ಲ ಮಾತಿನ ಚಾಟಿ ಆಡಿಸಿದವರು ಸ್ಲೇಟಿನಲ್ಲಿ ಸೊಟ್ಟ ಅಕ್ಷರ ಬರೆದು ನೀರು ಕೇಳುತ್ತಾರೆಯೇ? ಆಮೇಲೆ ಒಂದು ದಿನ ಎಡಗೈಯಲ್ಲಿ ಮಂಚದ ಪಟ್ಟಿಯ ಮೇಲೆ ಟಕಟಕ ಅಂತ ಬಡಿದರು. ಹೆಂಡತಿ ಹೊಲಿಗೆ ಯಂತ್ರ ಬಿಟ್ಟು ಓಡಿದಳು. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು, ಉದ್ದ ಗಿಡ್ಡ ಸದ್ದುಗಳಲ್ಲಿ ಒಂದೊಂದೇ ಅಕ್ಷರ ಹೇಳುವ ಆ ರೇಡಿಯೋ ಸಂಕೇತವನ್ನೆಲ್ಲ ಕಲಿತಿದ್ದಳು. ಅವತ್ತಿನಿಂದ ಮನೆಯಲ್ಲಿ ಟಕಟಕ ನಿಲ್ಲಲಿಲ್ಲ. ಊಟಕ್ಕೆ ಕೂತರೆ ಮಾವ ಚಮಚದಿಂದ ಬಡಿಯುವರು, ಅವಳು ನಗುವಳು, ಇಲ್ಲವೇ ಹುಬ್ಬು ಗಂಟಿಕ್ಕುವಳು, ಇಲ್ಲವೇ ಉಗುರಿನಿಂದ ತಾನೂ ಬಡಿದು ಉತ್ತರ ಕೊಡುವಳು. ಅವನು ನಡುವೆ ತಟ್ಟೆ ಇಟ್ಟುಕೊಂಡು ಕೂತಿರುವನು.

‘ಏನಂತೆ?’ ಅಂತ ಒಂದು ಸಲ ಕೇಳಿದ.

‘ಏನಿಲ್ಲ, ಉಪ್ಪು ಕಮ್ಮಿಯಂತೆ.’

‘ಉಪ್ಪು ಕಮ್ಮಿ ಅನ್ನೋಕೆ ಅಷ್ಟುದ್ದ ಬೇಕಾ?’

‘ಕಲ್ತ್ಕೊಳ್ಳಿ ಅಂತ ಎಷ್ಟು ಸಲ ಹೇಳಿದ್ದೀನಿ ನಿಮಗೆ. ಒಂದು ತಿಂಗಳ ಕೆಲಸ.’

‘ನನಗ್ಯಾಕೆ ಆ ಕಟಕಟ’ ಅಂದುಬಿಟ್ಟಿದ್ದ. ಅಂದ ಮೇಲೆ ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ. ಹೀಗಾಗಿ ಆ ಮನೆಯಲ್ಲಿ ಮಾತು ಬಾರದವರು ಮಾವ, ಮಾತಿನಿಂದ ಹೊರಗೆ ಉಳಿದವನು ಅವನು. ಪ್ರತಿ ಟಕ್ಕಿಗೂ ಅವನ ಕಿವಿ ನಿಮಿರುತ್ತಿತ್ತು. ತನ್ನ ವಿಷಯವೇ ಇರಬೇಕು. ಇವತ್ತು ಸಾಬೂನು ತರಲು ಮರೆತದ್ದು ಇರಬೇಕು. ನಿನ್ನೆ ನಲ್ಲಿ ಸರಿಮಾಡಲು ಹೋಗಿ ಇನ್ನಷ್ಟು ಸೋರುವ ಹಾಗೆ ಮಾಡಿದ್ದು ಇರಬೇಕು. ಮಲಗಿದ ಮೇಲೂ ಪಕ್ಕದ ಕೋಣೆಯಿಂದ ಮಂಚದ ಪಟ್ಟಿಯ ಸದ್ದು ಕೇಳಿದರೆ ಹೆಂಡತಿಯ ಮುಖ ನೋಡುತ್ತಿದ್ದ, ಅವಳು ಕಣ್ಣು ಮುಚ್ಚಿಕೊಂಡೇ ಮುಗುಳ್ನಗುತ್ತಿದ್ದರೆ ಎದೆಯೊಳಗೆ ಏನೋ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅರ್ಧ ಮೈ ಬಿದ್ದ ಮುದುಕನ ಮೇಲೆ.

ಮಾವನಿಗೆ ಮಗಳ ಹೊರತು ಇನ್ನೊಬ್ಬರ ಜೊತೆ ಮಾತಿತ್ತು. ದಿನಾ ಸಂಜೆ ನಾಲ್ಕಕ್ಕೆ ರೇಡಿಯೋ ಮುಂದೆ ಕೂತು, ಎಡಗೈಯಿಂದ ಸಂಕೇತ ಕಳಿಸುವ ಹಿತ್ತಾಳೆಯ ಕೀಲಿ ಒತ್ತುತ್ತ, ಹಡಗಿನಲ್ಲಿ ಜೊತೆಗಿದ್ದ ಗೆಳೆಯನ ಜೊತೆ ಹರಟುತ್ತಿದ್ದರು. ನಡಿಗೆಯ ದೆಸೆಯಿಂದ ಆ ಗೆಳೆಯನಿಗೆ ಬಾತುಕೋಳಿ ಅಂತ ಹೆಸರು, ಹೆಂಡತಿ ಬಾತುಕೋಳಿ ಮಾಮ ಅನ್ನುತ್ತಿದ್ದಳು. ಅವರು ಇದ್ದದ್ದು ಪಶ್ಚಿಮಕ್ಕೆ, ದೂರದ ಒಂದು ಬಂದರಿನಲ್ಲಿ. ಆಂಟೆನಾ ಸದಾ ಆ ಕಡೆಗೇ ನೋಡುತ್ತಿತ್ತು. ನಾಲ್ಕರಿಂದ ಐದರ ತನಕ ಮಾವ ಹಳೆಯ ಮಾವನೇ ಆಗುತ್ತಿದ್ದರಂತೆ, ಹೆಗಲು ಕುಣಿಸಿ ನಗುತ್ತಿದ್ದರಂತೆ. ಅವನು ಆ ಹೊತ್ತಿಗೆ ಕಾರ್ಖಾನೆಯಲ್ಲಿರುತ್ತಿದ್ದ, ಭಾನುವಾರಗಳಲ್ಲಿ ಆ ಕೋಣೆಯ ಕಡೆಗೇ ಹೋಗುತ್ತಿರಲಿಲ್ಲ, ಒಂದು ದಿನವೂ ಕಂಡವನಲ್ಲ.

ಬಿಸಿಲಿಗೆ ಹಳೆಯ ಕೇಬಲ್ಲಿನ ಮೈ ಬಿರಿದು, ಮಳೆಯ ನೀರು ಒಳಗಿಳಿದು, ರೇಡಿಯೋ ಬರೀ ಕರಕರ ಅನ್ನತೊಡಗಿದಾಗ ಹೊಸ ಕೇಬಲ್ ಹಾಕುವ ಕೆಲಸ ಅವನ ಪಾಲಿಗೆ ಬಂತು. ಭಾನುವಾರ ಬೆಳಿಗ್ಗೆ ಗೋಪುರ ಹತ್ತಿದ. ಹೆಂಡತಿ ಮಾವನನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿದ್ದಳು. ಅವನು ಹಳೆಯ ಕೇಬಲ್ಲಿನ ಜೋತ ಹೊಟ್ಟೆಯನ್ನು ಕತ್ತರಿಸಿ ಕೆಳಗೆ ಹಾಕಿದಾಗ ಅದು ತಾರಸಿಯ ಮೇಲೆ ಧೊಪ್ಪೆಂದು ಬಿತ್ತು, ಅವನಿಗೆ ಖುಷಿಯಾಯಿತು. ಹೊಸ ಕೇಬಲ್ಲನ್ನು ಕಂಬಕ್ಕೆ ಅಂಟಿಸಿದ ಹಾಗೆ ನೇರ ಇಳಿಸಿದ, ಮೋಟರಿನ ಪಕ್ಕದಿಂದ ಹಾಯಿಸಿದ, ಗೋಪುರದ ಕಾಲಿನ ಗುಂಟ ಗೇಣಿಗೊಂದು ಕಟ್ಟು ಹಾಕುತ್ತ ಬಂದ. ಮಿಕ್ಕ ಕೇಬಲ್ಲನ್ನು ಬುಡದಲ್ಲಿ ದುಂಡಗೆ ಸುತ್ತಿ ಕಟ್ಟಿದ. ಮೇಲಿನ ಒಂದು ಕಟ್ಟು ಮಾತ್ರ ಬಾಕಿ ಇತ್ತು, ಮೋಟರಿನ ಪಕ್ಕದ್ದು. ಅದನ್ನು ಹಾಕಲು ಮತ್ತೆ ಹತ್ತಿದ. ಎಷ್ಟು ಚಂದ ಕಂಡಿತು ಆಗ. ಕಾರ್ಖಾನೆಯವರು ಯಾರಾದರೂ ಬಂದು ನೋಡಬೇಕಿತ್ತು. ಕಟ್ಟಿನ ಬಾಲ ಹಿಡಿದು ಎಳೆಯುವಾಗ, ಹಲ್ಲುಗಳು ಕರಕರ ಅಂತ ಒಂದೊಂದೇ ಕಚ್ಚಿಕೊಳ್ಳುವಾಗ, ಇದು ತಿರುಗುವ ವಸ್ತು ಅನ್ನುವುದು ಅವನ ತಲೆಗೆ ಬಂತು. ಬಂದದ್ದು ಸ್ಪಷ್ಟವಾಗಿಯೇ ಬಂತು. ಕೆಳಗೆ ನೋಡಿದ. ಮಾವ ಎಡಗೈ ಎತ್ತಿ ಗಾಳಿಯಲ್ಲಿ ಒಂದು ದೊಡ್ಡ ಸುತ್ತು ಬರೆಯುತ್ತಿದ್ದರು. ಮತ್ತೆ ಮತ್ತೆ ಬರೆಯುತ್ತಿದ್ದರು, ಗಂಟಲಿನಿಂದ ಏನೋ ಸದ್ದು ಮಾಡುತ್ತಿದ್ದರು. ಅವನು ಆ ಕೈಯನ್ನು ನೋಡಿದ, ಅರ್ಥವಾಯಿತು, ಕಟ್ಟರಿನಿಂದ ಬಾಲ ಕತ್ತರಿಸಿದ. ಇಳಿದು ಬಂದು, ‘ಆಯ್ತು ಮಾವ’ ಅಂದು ಕೈ ತೊಳೆಯಲು ಹೋದ.

ಸೋಮವಾರ ಸಂಜೆ ಮನೆಗೆ ಬಂದರೆ ಹೆಂಡತಿಯ ಮುಖ ಅರಳಿತ್ತು. ‘ಎಷ್ಟು ಚೆನ್ನಾಗಿ ಕೇಳಿಸ್ತು ಗೊತ್ತೇನ್ರೀ, ಪಕ್ಕದ ಮನೆಯಿಂದ ಮಾತಾಡಿದ ಹಾಗೆ’ ಅಂದಳು. ಅವನು ಹಿಗ್ಗಿದ. ಅದರ ಬೆನ್ನಿಗೇ, ‘ಬಾತುಕೋಳಿ ಮಾಮ ಇನ್ಮೇಲೆ ಮಗಳ ಮನೇಲಿ ಇರ್ತಾರಂತೆ. ಪೂರ್ವಕ್ಕೆ. ಇವತ್ತು ರಾತ್ರಿಯೇ ವಿಮಾನಕ್ಕೆ ಹೊರಡ್ತಾರಂತೆ, ನಾಳೆಯಿಂದ ಆಂಟೆನಾ ಆ ಕಡೆ ತಿರುಗಿಸ್ಬೇಕು’ ಅಂದಳು. ಹೇಳಬೇಕಾದ ಹೊತ್ತು ಅದೇ ಆಗಿತ್ತು. ತಡಿ, ತಿರುಗಿಸಬೇಡ, ಒಂದು ಕಟ್ಟು ಬಿಚ್ಚಬೇಕು, ಅಷ್ಟು ಸಾಕಿತ್ತು. ಮಾವ ಎದುರಿಗೇ ಕೂತಿದ್ದರು, ಅವನನ್ನೇ ನೋಡುತ್ತಿದ್ದರು. ಹೇಳಿದರೆ ಚಮಚ ಎತ್ತಿಕೊಂಡು ಟಕಟಕ ಶುರುಮಾಡುತ್ತಾರೆ, ಇವಳು ನಗುತ್ತಾಳೆ, ಏನಂತೆ ಅಂದರೆ ಏನಿಲ್ಲ ಅನ್ನುತ್ತಾಳೆ. ಅವನು ನೀರು ಕುಡಿದು ಎದ್ದುಹೋದ.

ಮಂಗಳವಾರ ಕಾರ್ಖಾನೆಯ ಗಡಿಯಾರ ನಾಲ್ಕು ತೋರಿಸುವಾಗ ಅವನು ಹಿಡಿದ ಕೆಲಸ ಕೆಳಗಿಟ್ಟ. ಈಗ ಗುಂಡಿ ತಿರುಗಿಸುತ್ತಾಳೆ, ಈಗ ಮೇಲೆ ಕಂಬ ತಿರುಗುತ್ತದೆ, ಕೇಬಲ್ ಕಂಬಕ್ಕೆ ಸುತ್ತಿಕೊಂಡು ಜಗ್ಗುತ್ತದೆ, ಆಂಟೆನಾದ ಬುಡದಲ್ಲಿ ಬೆಸುಗೆ ಕಿತ್ತುಬರುತ್ತದೆ. ಮುದುಕನ ಬಾಯಿ ಎರಡನೇ ಸಲ ಮುಚ್ಚಿಹೋಗುತ್ತದೆ. ಮುಚ್ಚಿಹೋದರೆ ಏನಂತೆ ಅಂತ ಒಳಗಿನಿಂದ ಯಾರೋ ಅಂದರು. ಯಾರೋ ಏನು, ಅವನೇ. ಸಂಜೆ ಬೀದಿಯ ತಿರುವಿನಲ್ಲಿ ನಿಂತು ಹೆದರುತ್ತ ತಲೆಯೆತ್ತಿದ. ಆಂಟೆನಾ ಪಶ್ಚಿಮಕ್ಕೇ ನೋಡುತ್ತಿತ್ತು. ಕೇಬಲ್ ಇಸ್ತ್ರಿ ಮಾಡಿದ ಹಾಗೇ ಇತ್ತು. ‘ಮಾತಾಡಿದ್ರಾ ಇವತ್ತು?’ ಅಂದರೆ, ‘ಕೂತಿದ್ರು’ ಅಂದಳು ಹೆಂಡತಿ, ಬಟ್ಟೆಯಿಂದ ಕಣ್ಣೆತ್ತದೆ. ಬುಧವಾರವೂ ಹಾಗೇ. ಗುರುವಾರವೂ ಹಾಗೇ. ಬಾತುಕೋಳಿ ಇನ್ನೂ ಸಾಮಾನು ಬಿಚ್ಚಿಲ್ಲವೇನೋ, ಆ ಮನೆಯಲ್ಲಿ ಆಂಟೆನಾ ಕಟ್ಟಿಲ್ಲವೇನೋ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನ ಮಧ್ಯಾಹ್ನದವರೆಗೆ ಬರುತ್ತಿತ್ತು. ಮಧ್ಯಾಹ್ನದ ಮೇಲೆ ಮತ್ತೆ ಗಡಿಯಾರ. ಊಟದ ಹೊತ್ತಿನಲ್ಲಿ ಒಂದು ವಿಷಯ ಮಾತ್ರ ಅವನ ಗಮನಕ್ಕೆ ಬಂದಿತ್ತು, ಮೂರು ದಿನದಿಂದ ಚಮಚದ ಸದ್ದು ಇರಲಿಲ್ಲ. ಮಾವ ಸುಮ್ಮನೆ ಉಂಡು ಏಳುತ್ತಿದ್ದರು. ಬೇಕು ಬೇಕೆಂದು ಬಯಸಿದ್ದ ಆ ನಿಶ್ಶಬ್ದ ಬಂದ ಮೇಲೆ ಅವನು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಇವತ್ತು ಶುಕ್ರವಾರ. ಅವನು ಬಾಗಿಲನ್ನು ಇನ್ನೊಮ್ಮೆ ತೆಗೆದು, ಇನ್ನೊಮ್ಮೆ ಮುಚ್ಚಿ, ಕಟ್ಟರನ್ನು ಜೇಬಿಗೆ ಹಾಕಿಕೊಂಡು ಮೇಸ್ತ್ರಿಯ ಹತ್ತಿರ ಹೋದ.

‘ಸ್ವಲ್ಪ ಬೇಗ ಹೋಗ್ಬೇಕಿತ್ತು ಸಾರ್. ಮಾವನಿಗೆ ಹುಷಾರಿಲ್ಲ.’

‘ಮತ್ತೆ ಬಿದ್ರಾ?’

‘ಬಿದ್ದಿಲ್ಲ. ಸುಮ್ಮನೆ... ಹುಷಾರಿಲ್ಲ.’

ಮೇಸ್ತ್ರಿ ಅವನ ಮುಖ ನೋಡಿದರು. ‘ಹೋಗಯ್ಯಾ. ನಿನ್ನಂಥ ಅಳಿಯ ಯಾರಿಗೆ ಸಿಕ್ತಾನೆ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಕಪಾಳಕ್ಕೆ ಹೊಡೆದಿದ್ದರೆ ಇದಕ್ಕಿಂತ ವಾಸಿಯಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೂ ಅವನಿಗೆ ಕೂರಲಾಗಲಿಲ್ಲ. ಎದ್ದು ನಿಂತ, ನಿಂತವನನ್ನು ಮುಂದೆ ಸರಿಯಿರಿ ಅಂತ ಕಂಡಕ್ಟರು ಗದರಿಸಿದ, ಸರಿದ. ಮನೆಗೆ ಹೋಗಿ ಏನು ಹೇಳುವುದು? ಇವತ್ತು ಕೆಲಸ ಮಾಡುವಾಗ ಥಟ್ಟನೆ ಹೊಳೆಯಿತು ಅನ್ನಬಹುದು. ಅದರಲ್ಲಿ ಸುಳ್ಳೇನಿದೆ? ಬಾಗಿಲು, ಕೀಲು, ಸಡಿಲ, ಎಲ್ಲ ನಿಜ. ಹೊಳೆದ ದಿನ ಮಾತ್ರ ಬೇರೆ. ನಾಲ್ಕೈದು ದಿನದ ವ್ಯತ್ಯಾಸ ಯಾರಿಗೆ ಬೇಕು. ಮದುವೆಯ ವಾರದಲ್ಲಿ ಇದೇ ಕೈಗಳು ಮಾವನ ಹೆಡ್‌ಫೋನಿನ ವೈರನ್ನು ಅಂದವಾಗಿ ಮಡಿಸಿ ರಬ್ಬರು ಹಾಕಿ ಇಟ್ಟಿದ್ದವು. ಸೇವೆ ಮಾಡೋಣ ಅಂತ. ಮಾವ ಅದನ್ನು ಕಿವಿಗೆ ಹಾಕಿಕೊಂಡು ಎದ್ದದ್ದೇ, ವೈರು ಸಾಲದೆ, ರೇಡಿಯೋ ಸಮೇತ ಮೇಜು ಅರ್ಧ ಮುಂದೆ ಬಂದಿತ್ತು. ‘ನನ್ನನ್ನೂ ಮಡಿಸಿ ಕಪಾಟಲ್ಲಿ ಇಡ್ತಾನೆ ಇವನು ಒಂದು ದಿನ’ ಅಂತ ಮನೆಯೆಲ್ಲ ಕೇಳುವ ಹಾಗೆ ಅಂದಿದ್ದರು. ಎಲ್ಲರಿಗೂ ಅದು ಮರೆತುಹೋಗಿದೆ. ಅವನಿಗೆ ಮರೆಯುವುದಿಲ್ಲ. ಅದನ್ನು ಇಷ್ಟು ವರ್ಷ ಬೆಚ್ಚಗೆ ಇಟ್ಟುಕೊಂಡು ಸಾಕಿದವನು ತಾನೇ ಅನ್ನುವುದು ಅರಿವಾಗಿ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಬೀದಿಯ ತಿರುವಿನಿಂದ ನೋಡಿದರೆ ಆಂಟೆನಾ ಪಶ್ಚಿಮಕ್ಕೇ ಇತ್ತು. ನಾಲ್ಕಕ್ಕೆ ಇನ್ನೂ ಹೊತ್ತಿತ್ತು. ಚಪ್ಪಲಿ ಬಿಡುವಾಗಲೇ ಅವನು, ‘ಆಂಟೆನಾ ತಿರುಗಿಸ್ಬೇಡ ಇವತ್ತು’ ಅಂದ. ಹೆಂಡತಿ ಹೊಲಿಗೆ ನಿಲ್ಲಿಸಿದಳು. ಇಷ್ಟು ಬೇಗ ಯಾಕೆ ಬಂದಿರಿ ಅಂತ ಕೇಳಲಿಲ್ಲ.

‘ಕೇಬಲ್ ಬಿಗಿಯಾಗಿ ಕಟ್ಟಿಬಿಟ್ಟಿದ್ದೀನಿ. ತಿರುಗಿಸಿದ್ರೆ ಕಿತ್ತುಹೋಗತ್ತೆ. ಈಗ ಹತ್ತಿ ಸಡಿಲ ಮಾಡ್ತೀನಿ.’

‘ಗೊತ್ತು’ ಅಂದಳು.

‘ಏನು ಗೊತ್ತು?’

‘ಬಿಗಿಯಾಗಿದೆ ಅಂತ. ಅಪ್ಪ ಭಾನುವಾರಾನೇ ಹೇಳಿದ್ರು.’

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಸೂಜಿಯಿಂದ ದಾರ ಕಿತ್ತು, ಬಟ್ಟೆ ಮಡಿಸಿ ಪಕ್ಕಕ್ಕಿಟ್ಟಳು. ಅವಳ ಸ್ವರ ಸಣ್ಣದಾಗಿತ್ತು, ಸಿಟ್ಟು ಬಂದಾಗ ಅವಳ ಸ್ವರ ಸಣ್ಣದಾಗುತ್ತದೆ.

‘ಸೋಮವಾರ ಮಾಮ ಪೂರ್ವಕ್ಕೆ ಹೋಗ್ತೀನಿ ಅಂದಾಗ ನಾನು ಅಪ್ಪನ್ನ ಕೇಳಿದೆ, ಇವರಿಗೆ ಹೇಳಿ ಬಿಚ್ಚಿಸ್ಲಾ ಅಂತ. ಬೇಡ ಅಂದ್ರು. ಎಷ್ಟು ಆಸೆಯಿಂದ ಕಟ್ಟಿದ್ದಾನೆ, ನಾನು ಅವನ ಕೈಗೆ ಹೆಸರಿಟ್ಟಿದ್ದು ಸಾಕು, ಅವನಿಗೇ ಹೊಳೆಯತ್ತೆ, ಹೊಳೆದಾಗ ಬಿಚ್ಚಲಿ ಅಂದ್ರು. ಬೇರೆ ಯಾರನ್ನಾದ್ರೂ ಹತ್ತಿಸ್ಲಾ ಅಂದೆ. ಅಳಿಯ ಕಟ್ಟಿದ್ದನ್ನ ಬೇರೆಯವರು ಬಿಚ್ಚಬಾರದು ಅಂದ್ರು. ನನ್ನ ಕೈಲಿ ಮಾತು ತಗೊಂಡ್ರು, ಅದಕ್ಕೇ ಅವತ್ತು ತಿರುಗಿಸ್ಬೇಕು ಅಂತಷ್ಟೇ ನಿಮಗೆ ಅಂದೆ.’

‘ಹಾಗಾದ್ರೆ ನಾಲ್ಕು ಗಂಟೆಗೆ...’

‘ಕೂರ್ತಾರೆ. ಆಂಟೆನಾ ಬೆನ್ನು ಹಾಕಿರೋದಕ್ಕೆ ಮಾಮ ಕರೆಯೋದು ಸೊಳ್ಳೆ ಹಾಡಿದ ಹಾಗೆ ಕೇಳಿಸತ್ತೆ. ಇವರ ಉತ್ತರ ಅಲ್ಲಿಗೆ ಮುಟ್ಟಲ್ಲ. ಆದ್ರೂ ಒಂದು ಗಂಟೆ ಕಿವಿಗೆ ಹಾಕ್ಕೊಂಡು ಕೂತಿರ್ತಾರೆ. ಅವರು ಕರೀತಿರ್ತಾರೆ, ಇವರು ಕೇಳ್ತಿರ್ತಾರೆ.’ ಅವಳು ಎದ್ದಳು. ‘ನನಗಂತೂ ನಿಮ್ಮಿಬ್ಬರಿಂದ ಸಾಕಾಗಿಹೋಗಿದೆ. ಒಬ್ರು ಬಾಯಿ ಇದ್ದೂ ಹೇಳಲ್ಲ, ಒಬ್ರು ಬಾಯಿ ಇಲ್ದೆ ಹೇಳಲ್ಲ. ನಡುವೆ ನಾನೇನು ಕಂಬಾನಾ?’

ಆ ಮುದುಕ ತನ್ನನ್ನು ಆಡಿಕೊಳ್ಳುತ್ತಿದ್ದಾನೆ ಅಂದುಕೊಂಡು ಕಳೆದ ಅಷ್ಟೂ ಊಟಗಳು ಅವನ ನೆನಪಿಗೆ ಬಂದವು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು, ಅದಕ್ಕೆ ಮೈ ಒಗ್ಗಿತ್ತು.

‘ನಿಮಗೆ ಯಾವಾಗ ಗೊತ್ತಾಯ್ತು?’ ಅಂತ ಕೇಳಿದಳು.

‘ಇವತ್ತು’ ಅಂದ. ‘ಬಾಗಿಲಿಗೆ ತಂತಿ ಎಳೀತಿದ್ದೆ, ಥಟ್ಟನೆ ಹೊಳೀತು.’

ಅವಳು ಅವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮುಖ ತಿಳಿಯಾಯಿತು. ‘ನೋಡಿ, ಅಪ್ಪ ಹೇಳಿದ ಹಾಗೇ ಆಯ್ತು’ ಅಂದು, ಒಳಗೆ ಅಪ್ಪನಿಗೆ ಹೇಳಲು ಹೋದಳು. ಅವಳ ಉಗುರಿನ ಟಕಟಕ ಅವನಿಗೆ ಮೆಟ್ಟಿಲು ಹತ್ತುವವರೆಗೂ ಕೇಳಿಸಿತು.

ಗೋಪುರದ ಕಬ್ಬಿಣ ಬಿಸಿಲಿಗೆ ಕಾದಿತ್ತು. ಮೋಟರಿನ ಪಕ್ಕದ ಕಟ್ಟನ್ನು ಮೊದಲು ಕತ್ತರಿಸಿದ. ಅದು ಚಟ್ ಅಂತ ಹಾರಿ ಎಲ್ಲೋ ಬಿತ್ತು. ಆಮೇಲೆ ಗೇಣಿಗೊಂದರಂತೆ ಎಲ್ಲವನ್ನೂ ಕತ್ತರಿಸುತ್ತ ಬುಡಕ್ಕೆ ಇಳಿದು, ಮಿಕ್ಕ ಕೇಬಲ್ಲಿನ ಸುತ್ತು ಬಿಚ್ಚಿ, ಅದನ್ನು ಹೆಗಲ ಮೇಲೆ ಹಾಕಿಕೊಂಡು ಮತ್ತೆ ಹತ್ತಿದ. ಕಂಬದ ಸುತ್ತ ಎರಡು ಸುತ್ತು ಅಗಲವಾಗಿ ಬಳಸಿದ. ಜಾಸ್ತಿ ಬಾಗಿಸಿದರೆ ಒಳಗಿನ ತಾಮ್ರ ಸರಿಯುತ್ತದೆ ಅಂತ ಅಳುಕುತ್ತ, ಮಗುವಿನ ಕೈಯನ್ನು ಅಂಗಿಯ ತೋಳಿಗೆ ತೂರಿಸುವ ಹಾಗೆ ಮೆಲ್ಲಗೆ ಮಾಡಿದ. ತಗಡಿನ ಅಂಚು ತಾಗುವಲ್ಲಿ ರಬ್ಬರು ತೊಡಿಸಿದ. ಮೇಲೊಂದು ಕಟ್ಟು ಕಂಬಕ್ಕೆ, ಕೆಳಗೊಂದು ಗೋಪುರದ ಕಾಲಿಗೆ, ನಡುವೆ ಏನೂ ಇಲ್ಲ. ಕೆಳಗಿನ ಕಿಟಕಿಯಿಂದ ಹೆಂಡತಿ, ‘ತಿರುಗಿಸ್ಲಾ?’ ಅಂತ ಕೂಗಿದಳು. ‘ತಿರುಗಿಸು, ಮೆಲ್ಲಗೆ’ ಅಂದ. ಮುಖದ ಹತ್ತಿರವೇ ಮೋಟರು ಗೊರಗೊರ ಅಂದಿತು. ಕಂಬ ತಿರುಗಿತು, ಸುತ್ತು ಕಿರಿದಾಯಿತು, ಇನ್ನೂ ಕಿರಿದಾಯಿತು, ಅವನು ಉಸಿರು ಹಿಡಿದುಕೊಂಡ, ಆಂಟೆನಾ ಪೂರ್ವಕ್ಕೆ ಬಂದು ನಿಂತಾಗಲೂ ಅಂಗೈ ತೂರುವಷ್ಟು ಜಾಗ ಉಳಿದಿತ್ತು. ಈ ತುದಿಯಿಂದ ಆ ತುದಿಗೆ ಇನ್ನೊಂದು ಸಲ ತಿರುಗಿಸಿ ನೋಡಿ, ಮತ್ತೆ ಪೂರ್ವಕ್ಕೆ ತಂದು ನಿಲ್ಲಿಸಿದರು. ಸುತ್ತು ಸೊಟ್ಟಂಪಟ್ಟ ಜೋತುಬಿದ್ದಿತ್ತು, ನೋಡಲು ಚೂರೂ ಚಂದವಿರಲಿಲ್ಲ, ಅವನಿಗೆ ಅದು ಈಗ ಮುಖ್ಯ ಅನ್ನಿಸಲಿಲ್ಲ. ‘ಇವತ್ತು’ ಅಂದ ಸುಳ್ಳು ಮಾತ್ರ ಬಾಯಲ್ಲಿ ಕಹಿಯಾಗಿ ಉಳಿದಿತ್ತು.

ಕೆಳಗೆ ಬಂದಾಗ ಮಾವ ರೇಡಿಯೋ ಮುಂದೆ ಕೂತಾಗಿತ್ತು. ಆ ಹೊತ್ತಿನಲ್ಲಿ ಅವನು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಇಕ್ಕಟ್ಟಾದ ಕೋಣೆ, ಕಾದ ಧೂಳಿನ ವಾಸನೆ. ಮಾವ ತಲೆ ತಿರುಗಿಸಿ ಅವನನ್ನು ನೋಡಿದರು, ಸರಿಯಿದ್ದ ಅರ್ಧ ಬಾಯಲ್ಲಿ ನಕ್ಕರು. ಹೆಂಡತಿ ಹೆಡ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿದಳು, ಎಲ್ಲರಿಗೂ ಕೇಳಲಿ ಅಂತ. ಮಾವನ ಎಡಗೈ ಕೀಲಿಯ ಮೇಲೆ ಇಳಿಯಿತು. ಕರೆದರು, ಕಾದರು. ಮತ್ತೆ ಕರೆದರು. ಸ್ಪೀಕರಿನಲ್ಲಿ ಬರೀ ಹುಯ್ ಅನ್ನುವ ಸದ್ದು. ಬಾತುಕೋಳಿ ಕರೆದು ಕರೆದು ಬೇಸತ್ತು ಬಿಟ್ಟಿರಬೇಕು ಅಂತ ಅವನು ಅಂದುಕೊಳ್ಳುವಷ್ಟರಲ್ಲಿ ಪೀ ಪೀ ಅಂತ ದುಂಡಗಿನ, ನಿಚ್ಚಳ ಸದ್ದು ಕೋಣೆ ತುಂಬಿತು. ಹೆಂಡತಿ ಅವನ ಕಡೆ ತಿರುಗಿ, ಮೊದಲ ಸಲ, ಕೇಳದೆಯೇ ಹೇಳತೊಡಗಿದಳು.

‘ಬದುಕಿದ್ದೀಯೇನೋ ಮುದುಕ ಅಂತಿದಾರೆ. ಮಂಗಳವಾರದಿಂದ ದಿನಾ ಕರೆದೆ, ಹೋಗ್ಬಿಟ್ಟೆ ಅಂದ್ಕೊಂಡೆ. ಯಾರನ್ನ ಕೇಳೋದು ಅಂತಾನೂ ತೋಚ್ಲಿಲ್ಲ. ನಿನ್ನೆ ಅತ್ತೆ.’ ಮಾವ ಕೀಲಿ ಒತ್ತಿದರು. ‘ಅಪ್ಪ ಹೇಳ್ತಿದಾರೆ, ಜ್ವರ ಇತ್ತು, ಎದ್ದು ಕೂರೋಕಾಗ್ಲಿಲ್ಲ ಅಂತ.’

ಜ್ವರ ಇರಲಿಲ್ಲ. ಮೂವರಿಗೂ ಗೊತ್ತಿತ್ತು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ, ಈ ಉಪಕಾರವನ್ನೂ ಹೊತ್ತುಕೊಂಡು ರಾತ್ರಿ ಊಟಕ್ಕೆ ಕೂರುವುದು ಹೇಗೆ ಅಂತ ಅವನಿಗೆ ತಿಳಿಯಲಿಲ್ಲ.

‘ಜ್ವರ ಅಂತ ಯಾಕೆ ಹೇಳ್ಬೇಕು ಮಾವ? ಕೇಬಲ್ ಕಟ್ಟಿದ್ದು ನಾನು ಅಂತ ಹೇಳಿ’ ಅಂದ. ಅವನ ದನಿ ಅವನಿಗೇ ಜೋರಾಗಿ ಕೇಳಿಸಿತು.

ಮಾವ ಪಕ್ಕದ ಸ್ಟೂಲನ್ನು ಎಡಗಾಲಿನಿಂದ ಮುಂದಕ್ಕೆ ನೂಕಿ, ಕೂರು ಅನ್ನುವ ಹಾಗೆ ಗದ್ದ ಆಡಿಸಿದರು. ಕೂತ. ಮಾವ ಅವನ ಬಲಗೈ ಹಿಡಿದು ಕೀಲಿಯ ಗುಂಡಿಯ ಮೇಲಿಟ್ಟು, ಅದರ ಮೇಲೆ ತಮ್ಮ ಎಡಗೈ ಇಟ್ಟು ಒತ್ತತೊಡಗಿದರು. ಒಣಗಿದ, ಹಗುರವಾದ ಕೈ. ಅದರ ಕೆಳಗೆ ಅವನ ಬೆರಳುಗಳು ಏಳುತ್ತಿದ್ದವು, ಬೀಳುತ್ತಿದ್ದವು, ತನ್ನ ಕೈ ಏನು ಹೇಳುತ್ತಿದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳುತ್ತಿದ್ದಳು. ‘ಅಳಿಯ ಮಾತಾಡ್ತಿದ್ದೀನಿ. ಕೇಬಲ್ ನಾನು ಕಟ್ಟಿದ್ದು. ಬಿಗಿಯಾಗಿತ್ತು. ಗೊತ್ತಾಗದೆ ಆಯಿತು.’

ಸ್ಪೀಕರಿನಿಂದ ಉತ್ತರ ಬಂತು. ಹೆಂಡತಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

‘ಏನಂತೆ?’

‘ಇದು ನಿನ್ನ ಕೈ ಕಣೋ ಮುದುಕ, ನನಗೆ ಗೊತ್ತಾಗಲ್ವಾ ಅಂತಿದಾರೆ. ಒಬ್ಬೊಬ್ಬರು ಒತ್ತೋದು ಒಂದೊಂದು ಥರ ಇರತ್ತೆ ರೀ, ದನಿ ಇದ್ದ ಹಾಗೆ. ನೀನು ಕೈ ತೆಗಿ, ಅಳಿಯನೇ ಮಾತಾಡ್ಲಿ, ಎಷ್ಟು ಹೊತ್ತಾದ್ರೂ ಕಾಯ್ತೀನಿ ಅಂತಿದಾರೆ.’

ಮಾವ ಕೈ ಎತ್ತಿಬಿಟ್ಟರು. ಕೀಲಿಯ ಮೇಲೆ ಅವನ ಕೈ ಒಂದೇ ಉಳಿಯಿತು.

‘ಏನು ಹೇಳ್ತೀರಿ ಹೇಳಿ, ಒಂದೊಂದೇ ಅಕ್ಷರ ನಾನು ಹೇಳಿಕೊಡ್ತೀನಿ’ ಅಂದಳು ಹೆಂಡತಿ. ‘ನಮಸ್ಕಾರ ಅನ್ನಿ, ಸಾಕು.’

ಅವನು ಅವಳ ಕಡೆ ತಿರುಗಲಿಲ್ಲ. ಮಾವನ ಕಡೆಗೂ ನೋಡಲಿಲ್ಲ. ‘ಗೊತ್ತಿದ್ದೇ ಕಟ್ಟಿದೆ ಅಂತ ಹೇಳ್ಬೇಕು’ ಅಂದ. ‘ಭಾನುವಾರ, ಕಟ್ಟುವಾಗಲೇ ಗೊತ್ತಿತ್ತು. ಮಾವ ಕೈ ತಿರುಗಿಸಿ ತೋರಿಸಿದ್ದೂ ಅರ್ಥ ಆಗಿತ್ತು.’

ಹೆಂಡತಿಯ ಉಸಿರು ಅವನ ಕತ್ತಿಗೆ ತಾಗುತ್ತಿತ್ತು, ಅದು ನಿಂತಿತು, ಮತ್ತೆ ಶುರುವಾಯಿತು. ಸ್ಪೀಕರು ಹುಯ್ ಅನ್ನುತ್ತಿತ್ತು, ಅದರ ಆಚೆ ಎಲ್ಲೋ ಒಬ್ಬ ಮುದುಕ ಕಿವಿಗೊಟ್ಟು ಕೂತಿದ್ದ. ಈಚೆಯ ಮುದುಕ ಎಡಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು, ಬೆರಳು ಆಡಲಿಲ್ಲ.

‘ಮೊದಲು ಉದ್ದ’ ಅಂದಳು ಅವಳು ಕೊನೆಗೆ. ಸಣ್ಣ ಸ್ವರ.

ಅವನು ಒತ್ತಿದ. ಕೋಣೆಯ ತುಂಬ ಪೀ ಅನ್ನುವ ಸದ್ದು ಎದ್ದಿತು. ಎಷ್ಟು ಹೊತ್ತು ಹಿಡಿಯಬೇಕೋ ತಿಳಿಯದೆ ಬಿಡಲು ಹೋದ. ಮಾವ ಬಿಡಬೇಡ ಅನ್ನುವ ಹಾಗೆ ತಲೆಯಾಡಿಸಿದರು. ಅವನು ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡಿದ.